ಮಡ್ಡಿಯ ಮೇಲಿನ ಹಗೇವು

ಒಂದು ಸರಕಾರ ಇನ್ನೊಂದು ಸರಕಾರಕ್ಕೆ ಬರೆದುಕೊಟ್ಟ ಕರಾರನ್ನು ತನ್ನ ಜನರ ಹಿತಕ್ಕಾಗಿ ಮುರಿಯಬಹುದೆ? ಈ ಪ್ರಶ್ನೆಗೆ ನಾನು ಒಮ್ಮೆ ಉತ್ತರ ಬರೆದಿದ್ದೇನೆ. ಮುದ್ರೆ ಕಾಗದದ ಮೇಲೆ, ದುಂಡಗಿನ ಅಕ್ಷರಗಳಲ್ಲಿ, ಒಂದೂ ಚಿತ್ತಿಲ್ಲದೆ ಬರೆದೆ. ಮುರಿಯಬಹುದು, ಮುರಿಯಲೇಬೇಕು ಎಂದು ಬರೆದೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ. ಹುಕ್ಕೇರಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ತಲೆಯ ಮೇಲೆ ಕರಿ ಟೊಪ್ಪಿಗೆ, ಬಾಯಿ ತೆರೆದರೆ ನ್ಯಾಯ. ಊರಿಗೆ ಹೋದಾಗ ಹಿರಿಯರೂ ಎದ್ದು ಕಟ್ಟೆಯ ಮೇಲೆ ಜಾಗ ಕೊಡುತ್ತಿದ್ದರು. ಅದೇ ನನ್ನ ತಲೆ ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ನಮ್ಮ ಊರು ಮೂಡಲಗಿಯಿಂದ ಎರಡು ಹರದಾರಿ ದೂರ, ಹೊಳೆಯ ದಂಡೆಗೆ ಅಂಟಿಕೊಂಡೇ ಇತ್ತು. ಊರು ಖಾಲಸಾ, ಅಂದರೆ ಇಂಗ್ಲಿಷರ ಸರಕಾರಕ್ಕೆ ಸೇರಿದ್ದು. ಊರ ಹಿಂದಿನ ಹಳ್ಳ ದಾಟಿದರೆ ಸಂಸ್ಥಾನ. ಅಲ್ಲಿ ಬೇರೆ ದೊರೆ, ಬೇರೆ ಕೋರ್ಟು, ಬೇರೆ ಮುದ್ರೆ ಕಾಗದ. ಹಳ್ಳದ ಅಗಲ ಹತ್ತು ಮಾರು ಇದ್ದೀತು, ಆದರೂ ನಮಗೆ ಅದು ಪರದೇಶವೇ. ಇಲ್ಲಿ ಕಳವು ಮಾಡಿದವನು ಅಲ್ಲಿ ಹೋಗಿ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಈಚೆಯ ದಂಡೆಯ ಮೇಲೆ ನಿಂತ ನಮ್ಮ ಪೋಲೀಸರಿಗೆ ಕೈ ಬೀಸುತ್ತಿದ್ದ.

ನಮ್ಮ ಹಿರಿಯರ ಕಷ್ಟ ಬೇರೆಯಿತ್ತು. ಜೋಳವನ್ನು ವರ್ಷಗಟ್ಟಲೆ ಕಾಪಿಡಲು ನೆಲದಲ್ಲಿ ಹಗೇವು ತೋಡುತ್ತಾರೆ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ಹೊಳೆದಂಡೆಯ ನಮ್ಮ ನೆಲದಲ್ಲಿ ಎಲ್ಲಿ ತೋಡಿದರೂ ನೀರು ಒಸರಿ ಕಾಳು ಮುಗ್ಗುತ್ತಿತ್ತು. ಹಳ್ಳದಾಚೆಯ ಮಡ್ಡಿ ಮಾತ್ರ ಕಲ್ಲಿನಂತೆ ಒಣಗಿದ ಎತ್ತರದ ನೆಲ. ಹೀಗಾಗಿ ನಮ್ಮ ಹೊಲಗಳು ಖಾಲಸಾದಲ್ಲಿ, ನಮ್ಮ ಹಗೇವುಗಳು ಸಂಸ್ಥಾನದಲ್ಲಿ. ಅವರ ಮಡ್ಡಿಯಲ್ಲಿ ಬೇಸಿಗೆಗೆ ಹನಿ ನೀರಿರುತ್ತಿರಲಿಲ್ಲ; ಅವರ ದನಗಳು ಹೊಳೆಯಲ್ಲಿನ ನಮ್ಮ ಮಡುವಿಗೆ ಇಳಿಯುತ್ತಿದ್ದವು. ಮುತ್ತಜ್ಜನ ಕಾಲದಲ್ಲಿ ಎರಡೂ ಸರಕಾರಗಳು ಕೂಡಿ ಇದನ್ನು ಕರಾರು ಮಾಡಿಕೊಂಡಿದ್ದವು. ಅವರ ದನಕ್ಕೆ ನಮ್ಮ ನೀರು ತಡೆಯಬಾರದು, ನಮ್ಮ ಕಾಳನ್ನು ಅವರ ಗಡಿಯ ನಾಕಾ ತಡೆಯಬಾರದು. ಎರಡೇ ಕಲಮು.

ಮಡ್ಡಿಯ ಹಗೇವುಗಳನ್ನು ಕಾಯುವವನು ಸಂಸ್ಥಾನದ ಒಬ್ಬ ಬಡ ರೈತ, ಅಪ್ಪನ ಓರಗೆಯವನು. ನಾವೆಲ್ಲ ಅವನನ್ನು ಕಾಕಾ ಎನ್ನುತ್ತಿದ್ದೆವು. ಯಾರ ಹಗೇವು ಯಾವುದು, ಯಾವುದರಲ್ಲಿ ಎಷ್ಟು ಉಳಿದಿದೆ, ಎಲ್ಲ ಅವನ ತಲೆಯಲ್ಲಿತ್ತು. ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆದರೂ ಕಣ್ಣು ಕಟ್ಟಿಕೊಂಡು ಬಂದು ಬಾಯಿಯ ಮೇಲೆ ಕಾಲಿಡುತ್ತಿದ್ದ. ಅಪ್ಪನೂ ಅವನೂ ಕೂತರೆ ಏಳುತ್ತಿರಲಿಲ್ಲ. ಏನು ಮಾತಾಡುತ್ತಿದ್ದರೋ ದೇವರೇ ಬಲ್ಲ.

ಒಂದು ಬೇಸಿಗೆಯಲ್ಲಿ ಹೊಳೆ ತೀರ ಬತ್ತಿತು. ಮಡುವಿನಲ್ಲಿ ಮೊಣಕಾಲುದ್ದ ನೀರು, ಅದಕ್ಕೆ ಎರಡು ರಾಜ್ಯಗಳ ದನ. ಊರವರು ನನ್ನ ಹತ್ತಿರ ಬಂದರು, ಆಚೆಯವರ ದನ ತಡೆಯಲು ಮಾಸ್ತರು ಅರ್ಜಿ ಬರೆಯಬೇಕು ಎಂದರು. ನಾನು ಕೈ ತೊಳೆದು ಬರೆಯಲು ಕೂತೆ. ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಬ್ಯಾಡೋ ತಮ್ಮಾ," ಎಂದ. "ಅವರ ದನಾ ನಮ್ಮ ನೀರ ಕುಡದ್ರ, ನಮ್ಮ ಜ್ವಾಳ ಅವರ ನೆಲದಾಗ ಕುಂತೈತಿ. ನಾವು ಕರಾರ ಬಿಟ್ರ ಅವರೂ ಬಿಡ್ತಾರ."

"ಅಪ್ಪಾ, ಸರಕಾರ ಅಂದ್ರ ಮೊದಲ ತನ್ನ ಮಂದೀನ ನೋಡ್ಬೇಕು. ಯಾವಾಗೋ ಬರದ ಕಾಗದಕ್ಕ ನಮ್ಮ ದನಾ ಯಾಕ ಸಾಯಬೇಕು?"

"ಮಾತು ಕೊಟ್ಟಾರೋ ಅದರಾಗ."

"ಮಾತು ಕೊಟ್ಟವರು ಸತ್ತು ಹೋಗ್ಯಾರ."

ಅಪ್ಪ ಬಾಗಿಲು ಬಿಟ್ಟು ಹೊರಗೆ ಹೋದ. ನಾನು ಗೆದ್ದೆ ಅಂದುಕೊಂಡೆ. ಅರ್ಜಿಯನ್ನು ಗೋಕಾಕದ ಕಚೇರಿಗೆ ಒಯ್ದು ಕೊಟ್ಟು ಬಂದೆ. ಪ್ರಜೆಗಳ ಜೀವಕ್ಕಿಂತ ಹಳೆಯ ಕರಾರು ದೊಡ್ಡದಲ್ಲ ಎಂಬ ಸಾಲು ಒಬ್ಬ ದೊಡ್ಡ ಸಾಹೇಬರಿಗೆ ಬಹಳ ಹಿಡಿಸಿತಂತೆ. ಎಂಟು ದಿನದಲ್ಲಿ ಹುಕುಮು ಬಂತು, ಮಡುವಿನ ದಾರಿಗೆ ಜಾಲಿ ಬೇಲಿ ಬಿತ್ತು. ಆ ವರ್ಷ ನಮ್ಮ ಊರಲ್ಲಿ ಒಂದು ಕರುವೂ ಸಾಯಲಿಲ್ಲ, ಇದನ್ನೂ ಹೇಳಬೇಕು. ಕಟ್ಟೆಯ ಮೇಲೆ ನನಗೆ ಇನ್ನಷ್ಟು ಜಾಗ ಸಿಕ್ಕಿತು.

ಕಾಕಾನ ಎತ್ತುಗಳನ್ನು ಆರು ಮೈಲಿಯಾಚೆಯ ಕೆರೆಗೆ ಹೊಡೆದುಕೊಂಡು ಹೋಗಬೇಕಾಯಿತು. ಒಂದು ದಾರಿಯಲ್ಲೇ ಬಿದ್ದು ಸತ್ತಿತು. ಅಪ್ಪ ಅದನ್ನು ಕೇಳಿ ಬಂದು, ಊಟಕ್ಕೆ ಕೂತಿದ್ದ ನನ್ನ ಮುಂದೆ ಹೇಳಿ ಹೊರಗೆ ಹೋದ. ಅಂದಿನಿಂದ ಅವನು ಮಡ್ಡಿಗೆ ಹೋಗುವುದನ್ನೇ ಬಿಟ್ಟ; ಹಗೇವಿಗೆ ಕಾಳು ತುಂಬಿಸಲೂ ಆಳುಗಳನ್ನೇ ಕಳಿಸುತ್ತಿದ್ದ. ನಾಚಿಕೆ ನನಗೆ ಆಗಬೇಕಿತ್ತು, ಆಗಿದ್ದು ಅವನಿಗೆ.

ಆಮೇಲೆ ಯುದ್ಧದ ವರ್ಷಗಳು ಬಂದವು. ಮೂಡಲಗಿಯ ಸಂತೆಯಲ್ಲಿ ಜೋಳದ ಚೀಲಗಳ ಬದಲು ಖಾಲಿ ಚೀಲ ಹಿಡಿದ ಜನ ಕಾಣತೊಡಗಿದರು. ಸರಕಾರದ ಅಂಗಡಿಯಲ್ಲಿ ಸಿಗುತ್ತಿದ್ದ ಹುಳ ಹಿಡಿದ ಕಾಳನ್ನು ಎಮ್ಮೆಯೂ ಮೂಸುತ್ತಿರಲಿಲ್ಲ. ನಾವು ಮಾತ್ರ ಹೆದರಿರಲಿಲ್ಲ, ನಮ್ಮ ಹಗೇವಿನಲ್ಲಿ ಎರಡು ಸುಗ್ಗಿಯ ಜೋಳ ಇತ್ತಲ್ಲ. ಅಷ್ಟರಲ್ಲಿ ಸಂಸ್ಥಾನದ ನಾಕಾದಲ್ಲಿ ಡಂಗುರ ಹೊಡೆದರು. ಸಂಸ್ಥಾನದ ನೆಲದಲ್ಲಿರುವ ಒಂದು ಕಾಳೂ ಹೊರಗೆ ಹೋಗಕೂಡದು, ಹಳೆಯ ಕರಾರು ನಡೆಯುವುದಿಲ್ಲ. ಕಾರಣವನ್ನೂ ಹೇಳಿದ್ದರು: ದೊರೆಗೆ ತನ್ನ ಪ್ರಜೆಗಳ ಹೊಟ್ಟೆ ಮೊದಲು. ಡಂಗುರದವನು ಕೂಗುತ್ತಿದ್ದಾಗ ನನ್ನ ಅರ್ಜಿಯನ್ನೇ ಯಾರೋ ಗಟ್ಟಿಯಾಗಿ ಓದಿದಂತಾಯಿತು. ಅವರ ದೊರೆ ಕೆಟ್ಟವನೇನಲ್ಲ. ಮಡ್ಡಿಯ ಜನ ಆಗಲೇ ಗೆಡ್ಡೆ ಗೆಣಸು ಅಗೆದು ತಿನ್ನುತ್ತಿದ್ದರು.

ನಾನು ಗೋಕಾಕಕ್ಕೆ ಓಡಿದೆ, ಒಬ್ಬ ಹಿರಿಯ ವಕೀಲರನ್ನು ಕಂಡೆ. ಅವರು ಕನ್ನಡಕ ತೆಗೆದು ಎಲ್ಲ ಕೇಳಿಕೊಂಡರು.

"ಮಾಸ್ತರ್ರ, ಈ ಕರಾರಿನ ಮೊದಲನೇ ಕಲಮು ಮುರದವರು ಯಾರ್ರಿ?"

"ನಮ್ಮ ಸರಕಾರದವರರಿ."

"ಮತ್ತ ಎರಡನೇದು ಉಳೀಬೇಕಂತ ಯಾವ ಬಾಯಿಲೆ ಕೇಳ್ತೀರಿ?"

ಆ ಅರ್ಜಿ ಬರೆದವನು ನಾನೇ ಎಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರೋ ಏನೋ. ನಡೆಯುತ್ತಲೇ ಊರಿಗೆ ಬಂದೆ.

ಮನೆಯಲ್ಲಿ ತಂಗಿ ಬಾಣಂತಿಯಾಗಿದ್ದಳು, ಚೊಚ್ಚಲು. ಅವಳಿಗೆ ಬರೀ ಗಂಜಿ ನೀರು ಸಿಗುತ್ತಿತ್ತು, ಎದೆಯ ಹಾಲು ಬತ್ತಿತ್ತು. ಕೂಸು ಅಳುವುದನ್ನೂ ಬಿಟ್ಟು ಮುಲುಗುತ್ತಿತ್ತು. ಅಪ್ಪ ಮೂರು ದಿನ ಅದರ ಮುಖ ನೋಡಿದ. ನಾಲ್ಕನೆಯ ದಿನ ಮುಂಜಾನೆ ನನಗೆ, "ಹಗ್ಗ ತಗೊ, ಬುಟ್ಟಿ ತಗೊ," ಎಂದ. ನಡು ಮಧ್ಯಾಹ್ನ ನಾಕಾದವರು ಉಂಡು ಬೇವಿನ ನೆರಳಲ್ಲಿ ಅಡ್ಡಾಗುತ್ತಾರೆ, ಆಗ ಒಂದು ಚೀಲ ತಂದರೆ ಸಾಕು ಎಂದು ಅವನ ಲೆಕ್ಕ.

"ಕಾಕಾನ್ನ ಕರಿಯೂಣೇನು?" ಎಂದು ಕೇಳಿದೆ.

"ಅವನ ಮುಂದ ಯಾವ ಮಾರಿ ಹೊತ್ತು ನಿಂದರ್ಲಿ? ಅದೂ ಅಲ್ಲದ ಸಿಕ್ಕಿಬಿದ್ರ ಅವನ್ನ ಜೇಲಿಗೆ ಹಾಕ್ತಾರ."

ಮುಚ್ಚಿದ ಹಗೇವಿನ ಬಾಯಿ ತೆರೆದ ದಿನವೇ ಒಳಗೆ ಇಳಿಯುವ ಪದ್ಧತಿ ನಮ್ಮಲ್ಲಿಲ್ಲ. ಕಾಳಿನ ಕಾವಿಗೆ ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು, ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಪಣತಿ ಹಚ್ಚಿ ಇಳಿಸಿ ನೋಡಬೇಕು. ಉರಿದರೆ ಇಳಿಯಬೇಕು, ಆರಿದರೆ ಕಾಯಬೇಕು. ಈ ಕೆಲಸವನ್ನು ಯಾವಾಗಲೂ ಕಾಕಾನೇ ಮಾಡುತ್ತಿದ್ದ. ಬೇರೆಯವರ ಕಣ್ಣನ್ನು ಅವನು ನಂಬುತ್ತಿರಲಿಲ್ಲ.

ಮಣ್ಣು ಸರಿಸಿ ಕಲ್ಲುಚಪ್ಪಡಿ ಎತ್ತಿದೆವು. ಮುಗ್ಗಿದ ಬೆಚ್ಚನೆಯ ವಾಸನೆ ಮುಖಕ್ಕೆ ಹೊಡೆಯಿತು. ಅಪ್ಪ ಒಂದು ಪೊದೆಯ ಮರೆಯಲ್ಲಿ ಕೂತು ನಾಕಾದ ಕಡೆ ಕಣ್ಣಿಟ್ಟ, ನಾನು ಪಣತಿ ಹಚ್ಚಿ ಇಳಿಸಿದೆ. ಎರಡು ಮೊಳ ಇಳಿದಿರಲಿಲ್ಲ, ಆರಿತು. ಮಡ್ಡಿಯ ಮೇಲೆ ಸಣ್ಣ ಗಾಳಿ ಇತ್ತು, ಅದು ನಿಜ. ಹಗೇವಿನೊಳಗೆ ಆ ಗಾಳಿ ಹೋಗುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಆದರೆ ಚಪ್ಪಡಿ ತೆರೆದಿಟ್ಟು ಮರುದಿನದವರೆಗೆ ಕಾಯುವಂತಿರಲಿಲ್ಲ, ನಾಕಾದವರು ಇನ್ನೇನು ಏಳುವ ಹೊತ್ತು, ಮನೆಯಲ್ಲಿ ಆ ಕೂಸು.

"ಏನಾತೋ?" ಎಂದ ಅಪ್ಪ, ತಿರುಗಿ ನೋಡದೆ.

"ಉರಿಯಾಕತ್ತೈತಿ," ಎಂದೆ.

ಯಾಕೆ ಹಾಗೆಂದೆ? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಒಂದು ಗಳಿಗೆಯ ಕೆಲಸ, ಏನೂ ಆಗುವುದಿಲ್ಲ ಅನ್ನಿಸಿತು. ನಿಯಮ ಇರುವುದು ಬೇರೆ ದಿನಗಳಿಗೆ, ಇಂದು ನಮ್ಮ ಅಡಚಣಿ ದೊಡ್ಡದು ಅನ್ನಿಸಿತು.

ಅಪ್ಪ ಹಗ್ಗ ಹಿಡಿದು ಇಳಿದ. ಮೊದಲ ಬುಟ್ಟಿ ಅರ್ಧ ತುಂಬಿ ಮೇಲೆ ಬಂತು. ಚೀಲಕ್ಕೆ ಸುರುವಿ ಮತ್ತೆ ಇಳಿಸಿದೆ. ಹಗ್ಗ ಅಲುಗಲಿಲ್ಲ. ಕೂಗಿದೆ. ಇನ್ನೊಮ್ಮೆ ಕೂಗಿದೆ. ಆಮೇಲೆ ನಾಕಾ ಗೀಕಾ ಎಲ್ಲ ಮರೆತು ಕಾಕಾನ ಮನೆಯ ಕಡೆ ತಿರುಗಿ ಬಾಯಿ ಬಡಿದುಕೊಂಡೆ.

ಕಾಕಾ ಓಡಿ ಬಂದ. ಬೇವಿನ ಟೊಂಗೆ ಮುರಿದು ಹಗ್ಗಕ್ಕೆ ಕಟ್ಟಿ, ಒಳಗೆ ಗಾಳಿಯಾಡಲೆಂದು ಮೇಲೆ ಕೆಳಗೆ ಜಗ್ಗಿದ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಉಸಿರು ಹಿಡಿದು ಇಳಿದ. ಅಪ್ಪನನ್ನು ಮೇಲೆ ತಂದಾಗ ಮುಖ ನೀಲಿಗಟ್ಟಿತ್ತು. ಕಾಕಾ ಅವನ ಎದೆ ತಿಕ್ಕಿದ, ಕಾಲು ತಿಕ್ಕಿದ. ಬಹಳ ಹೊತ್ತಿನ ಮೇಲೆ ಕೈ ಬಿಟ್ಟು ಬಾಜೂಕ್ಕೆ ಕೂತ.

ನಾಕಾದ ಹವಾಲ್ದಾರ ಬಂದ. ವಯಸ್ಸಾದವನು, ಅಪ್ಪನನ್ನು ಬಲ್ಲವನು. ಟೊಪ್ಪಿಗೆ ತೆಗೆದು ನಿಂತ. "ಹೆಣಾ ಒಯ್ರಿ ಮಾಸ್ತರ್ರ, ಅದಕ್ಕೇನೂ ತಕರಾರಿಲ್ಲ. ಕಾಳು ಒಯ್ಯಾಕ ಬರೂದಿಲ್ರಿ. ನನ್ನ ಕೈಯಾಗ ಏನೂ ಇಲ್ಲ." ಚೀಲದಲ್ಲಿನ ಅರ್ಧ ಬುಟ್ಟಿ ಜೋಳವನ್ನು ಹಗೇವಿಗೆ ಸುರುವಿಸಿದ. ಅಪ್ಪನ ಧೋತರದ ನೆರಿಗೆಯಲ್ಲಿ ಸಿಕ್ಕಿದ್ದ ಕಾಳುಗಳನ್ನು ಕಂಡು ಒಂದು ಗಳಿಗೆ ತಡೆದ, ಆಮೇಲೆ ಬಗ್ಗಿ ಅವನ್ನೂ ಕೊಡವಿದ. ನಾನು ನೋಡುತ್ತ ನಿಂತಿದ್ದೆ. ಹಿತಕ್ಕಾಗಿ ಕರಾರು ಮುರಿದ ಹುಕುಮನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆ ನೋಡಿ.

ಕೂಸು ಆ ವಾರವೇ ಹೋಯಿತು. ತಿಂಗಳಾದ ಮೇಲೆ ಸಂಸ್ಥಾನದವರು ಹಗೇವುಗಳನ್ನೆಲ್ಲ ತೆರೆದು ಮಡ್ಡಿಯ ಮನೆ ಮನೆಗೆ ಜೋಳ ಹಂಚಿದರು. ಅದರಿಂದ ಎಷ್ಟೋ ಜನ ಬದುಕಿದರು, ಸುಳ್ಳು ಹೇಳಬಾರದು. ಕಾಕಾನ ಮನೆಗೂ ಪಾಲು ಬಂತು. ಹಳ್ಳದಾಚೆ ನಿಂತು ಅವನೇ ಕೂಗಿ ಹೇಳಿದ, "ತಮ್ಮಾ, ನಿಮ್ಮಪ್ಪನ ಜ್ವಾಳ ನಾವೂ ಉಂಡೇವಿ. ಮೊಮ್ಮಕ್ಕಳು ಅದಾವ." ನಾನು ತಲೆಯಾಡಿಸಿದೆ.

ರಜೆ ಮುಗಿದು ಹುಕ್ಕೇರಿಗೆ ಹೊರಡುವ ದಿನ ಅವ್ವ ಒಲೆಯ ಮುಂದೆ ಕೂತಿದ್ದಳು. ಅಲ್ಲಿಯವರೆಗೆ ಅವಳು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

"ಇಳಿಯೂದಕ್ಕಿಂತ ಮೊದಲ ಪಣತಿ ಬಿಟ್ಟು ನೋಡಿದ್ರೇನೋ?"

"ನೋಡಿದ್ವಿ, ಅವ್ವಾ."

"ಉರದಿತ್ತೇನು?"

"ಉರದಿತ್ತು."

"ಹಂಗಾರ ಅವನ ಆಯುಷ್ಯ ಅಷ್ಟ ಇತ್ತು," ಎಂದು ಅವಳು ಒಲೆಗೆ ಕಟ್ಟಿಗೆ ದೂಡಿದಳು. ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು, ಅದನ್ನೇ ನಂಬಿಕೊಂಡು.