ಅವರು ಕೂರಿಸಿದ ಬ್ರೇಕು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಗ್ರೀಸು ಕಪ್ಪು ಗೆರೆಯಾಗಿ ಕೂತಿತ್ತು; ಎಷ್ಟು ಸೋಪು ಹಾಕಿದರೂ ಹೋಗದು. ಹಿರಿಯಡ್ಕದಲ್ಲಿ ಅವರದು ಸೈಕಲ್ ರಿಪೇರಿ ಅಂಗಡಿ, ನಾನು ಅಲ್ಲಿನ ಶಾಲೆಯ ಮಾಸ್ತರ. ಎಪ್ಪತ್ತರ ದಶಕದ ಕೊನೆಯಲ್ಲಿ, ಮಣಿಪಾಲ ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರಿಂದ ಹಳೆಯ ವಿಲಾಯಿತಿ ರೇಸ್ ಸೈಕಲ್ ಕೊಂಡಿದ್ದೆ. ಓಡುವುದರಲ್ಲಿ ಕುದುರೆ, ನಿಲ್ಲಿಸುವುದು ಮಾತ್ರ ದೇವರ ಕೈಯಲ್ಲಿ.

"ಇದಕ್ಕೆ ಬ್ರೇಕ್ ಉಂಟಾ ಮಾಷ್ಟ್ರೇ, ಅಲ್ಲ ಹೆಸರಿಗೆ ಮಾತ್ರವಾ?" ಎಂದು ನಕ್ಕರು.

ಮೂರು ಸಂಜೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಲ್ಲಾಗಿದ್ದ ರಬ್ಬರು ಕಿತ್ತು ಹೊಸದು ಹಾಕಿದರು, ಕೇಬಲ್ ಬದಲಿಸಿದರು, ರಬ್ಬರು ಕಚ್ಚುವ ಸ್ಟೀಲಿನ ರಿಮ್ಮನ್ನು ಮರಳುಕಾಗದದಿಂದ ಉಜ್ಜಿದರು. ರಬ್ಬರಿನ ಮುಂತುದಿ ಮೊದಲು ತಾಗುವಂತೆ ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದರು. ಯಾರ ಸೈಕಲ್ಲೇ ಆಗಲಿ, ಇಳಿಜಾರಿನಲ್ಲಿ ತಾವೇ ಒಮ್ಮೆ ಬಿಟ್ಟು ನೋಡದೆ ಕೊಡುತ್ತಿರಲಿಲ್ಲ. ನನ್ನದು ಹಿಡಿದಲ್ಲಿ ನಿಂತಿತು. ನನಗಿಂತ ಅವರೇ ಹೆಚ್ಚು ಹಿಗ್ಗಿದರು.

ಆ ವರ್ಷ ಆಯುಧಪೂಜೆಗೆ ಸೈಕಲ್ ತೊಳೆದೆ. ಫಳಫಳ ಹೊಳೆಯಲೆಂದು ತೆಂಗಿನೆಣ್ಣೆಯ ಬಟ್ಟೆಯಿಂದ ಹ್ಯಾಂಡಲ್ಲು, ರಿಮ್ಮು ಎಲ್ಲ ಒರೆಸಿದೆ. ಗೊಂಡೆ ಹೂವಿನ ಮಾಲೆ ಹಾಕಿ ಕೈಮುಗಿದೆ. ಮಕ್ಕಳಿಗೆ ಪಾಠ ಹೇಳುವವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಮರುದಿನ ಬೆಳಿಗ್ಗೆ ಅವರು ಅವಸರದಲ್ಲಿ ಬಂದರು. ಕಾರ್ಕಳದಲ್ಲಿ ಮಗಳಿಗೆ ಜ್ವರ ಜೋರು, ಬಸ್ಸು ತಪ್ಪಿತ್ತು. ಸೈಕಲ್ ಕೊಟ್ಟೆ. "ಇಳಿಜಾರಿನಲ್ಲಿ ಬಿಟ್ಟು ನೋಡುವುದಿಲ್ಲವಾ?" ಎಂದು ತಮಾಷೆಗೆ ಕೇಳಿದೆ.

"ನಾನೇ ಕೂರಿಸಿದ ಬ್ರೇಕು. ಅದರಲ್ಲಿ ಎಂತ ನೋಡುವುದು ಮಾರಾಯ್ರೆ!"

ಕಾರ್ಕಳ ರಸ್ತೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಮೋರಿಯ ಕಟ್ಟೆಗೆ ತಲೆ ಬಡಿಯಿತು. ಸುದ್ದಿ ಕೇಳಿ ಓಡಿದಾಗ ಅವರನ್ನು ಸಾಗಿಸಿ ಆಗಿತ್ತು. ಬಿದ್ದಿದ್ದ ಸೈಕಲ್ಲಿನ ರಿಮ್ಮು ಮುಟ್ಟಿದೆ. ಬೆರಳು ಎಣ್ಣೆಯಲ್ಲಿ ಜಾರಿತು.

ಮಣಿಪಾಲದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ದಿನವೂ ಹೋದೆ. ದಿನವೂ ಅವರದು ಒಂದೇ ಪ್ರಶ್ನೆ. "ಎಲ್ಲಿ ತಪ್ಪಿದೆ ಮಾಷ್ಟ್ರೇ? ನಟ್ಟು ಬಿಗಿ ಮಾಡಿದ್ದೆ, ಅಲ್ವಾ?"

"ಮಾಡಿದ್ದಿರಿ," ಎನ್ನುತ್ತಿದ್ದೆ. ಸ್ವಲ್ಪ ಚೇತರಿಸಲಿ, ಎಣ್ಣೆಯ ವಿಷಯ ನಾಳೆ ಹೇಳಿದರಾಯಿತು ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ. ನನ್ನಂಥ ಇನ್ನೊಬ್ಬ ಹೇಡಿಯನ್ನು ನಾನು ಕಂಡಿಲ್ಲ.

ಒಂಬತ್ತನೆಯ ದಿನ ಹೆಂಡತಿಯನ್ನು ಹತ್ತಿರ ಕರೆದರು. "ಅಂಗಡಿಯಲ್ಲಿ ರಿಪೇರಿಯಾದ ಸೈಕಲ್ ನಾಲ್ಕು ಉಂಟು. ಬೇರೆ ಯಾರಿಗಾದರೂ ತೋರಿಸದೆ ಕೊಡಬೇಡ. ನನ್ನ ಕೈಯನ್ನು ಇನ್ನು ನಂಬುವ ಹಾಗಿಲ್ಲ."

ಹಾಸಿಗೆಯ ಪಕ್ಕದಲ್ಲೇ ಕೂತು ನಾನು ಅವರಿಗೆ ಕಿತ್ತಳೆ ಸುಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಆ ಸಂಜೆ ಅವರು ತೀರಿಕೊಂಡರು.