ಗುಡ್ಡ ಅಗೆಯುವ ಮೊದಲೇ ಬಂದ ವರದಿ

ಕಳೆದ ವಾರ ಹಳೆಯ ಕಡತಗಳನ್ನು ವಿಂಗಡಿಸುವಾಗ ಕಪಾಟಿನ ತಳದಲ್ಲಿ ಅಂಗೈಯಗಲದ ಬಟ್ಟೆಚೀಲವೊಂದು ಸಿಕ್ಕಿತು. ಬಾಯಿ ಬಿಚ್ಚಿದೊಡನೆ ತುಕ್ಕಿನ ವಾಸನೆ. ಬೆರಳಿಗೆಲ್ಲ ಕೆಂಪು ಧೂಳು. ಒಳಗೆ ಅದಿರಿನ ಪುಡಿ, ಒಂದು ಚೀಟಿ, ಮಡಿಸಿದ ಒಂದು ಹಾಳೆ. ಚೀಟಿಯ ಅಕ್ಷರ ಎದುರುಮನೆಯವರದು...

ಬನಶಂಕರಿಯ ನಮ್ಮ ಬೀದಿಯಲ್ಲಿ ಅವರು ಹತ್ತೊಂಬತ್ತು ವರ್ಷ ನನ್ನ ನೆರೆಯವರಾಗಿದ್ದರು. ಹದಿನೆಂಟು ಎಂದು ಬರೆದಿದ್ದೆ. ಕಂದಾಯದ ರಸೀದಿ ನೋಡಿ ತಿದ್ದಿದ್ದೇನೆ. ಕಬ್ಬಿಣದ ಗಣಿ ಕಂಪನಿಯೊಂದರಲ್ಲಿ ಅವರು ರಸಾಯನಶಾಸ್ತ್ರಜ್ಞರು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ಪರೀಕ್ಷಿಸಿ ಸಹಿ ಹಾಕುವುದು ಅವರ ಕೆಲಸ. ಕಬ್ಬಿಣ ಕಡಿಮೆಯೆಂದು ಬರೆದರೆ ಸರ್ಕಾರಕ್ಕೆ ಸಲ್ಲುವ ರಾಜಧನವೂ ಕಡಿಮೆ. ಪ್ರತಿ ಮಾದರಿಯಲ್ಲಿ ಅರ್ಧ ಪರೀಕ್ಷೆಗೆ. ಉಳಿದರ್ಧ, ಗುಡ್ಡದಿಂದ ತೆಗೆದ ದಿನಾಂಕದ ಚೀಟಿಯೊಂದಿಗೆ ಚೀಲಕ್ಕೆ.

ಒಂದು ಭಾನುವಾರ ಬೆಳಿಗ್ಗೆ ಈ ಚೀಲವನ್ನೂ ಕಬ್ಬಿಣ ಕಡಿಮೆಯೆಂದಿದ್ದ ವರದಿಯ ಪ್ರತಿಯನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. ವರದಿಯ ದಿನಾಂಕ ಚೀಟಿಯ ದಿನಾಂಕಕ್ಕಿಂತ ಮೂರು ದಿನ ಹಿಂದಿನದು. ಗಣಿ ಇಲಾಖೆಯ ಮೊಹರು ಆಗಲೇ ಬಿದ್ದಿತ್ತು. ಅವರ ಸಹಿಯ ಜಾಗ ಮಾತ್ರ ಖಾಲಿ.

"ಕಲ್ಲು ಇನ್ನೂ ಗುಡ್ಡದಲ್ಲೇ ಇತ್ತು ಸಾರ್, ರಿಪೋರ್ಟ್ ಆಗ್ಲೇ ಟೈಪ್ ಆಗಿತ್ತು. ಹಂಗಾದ್ರೆ ನಾನ್ಯಾಕೆ, ಟೈಪಿಸ್ಟೇ ಸಾಕಲ್ಲ ಅಂದೆ. 'ಗುಡ್ಡ ಏನ್ ನಿಮ್ಮಪ್ಪಂದೇನ್ರೀ' ಅಂದ್ರು ಜಿ.ಎಂ."

ಅವರು ಸಹಿ ಹಾಕಲಿಲ್ಲ. ಮಾದರಿ ಕದ್ದರೆಂಬ ಆರೋಪ ಹೊರಿಸಿ ಕಂಪನಿ ಅವರನ್ನು ಅಮಾನತಿನಲ್ಲಿಟ್ಟಿತು. ಗುಡ್ಡವನ್ನೇ ಕದ್ದವರು ಹಿಡಿ ಪುಡಿಯ ಕಳ್ಳತನದ ಬಗ್ಗೆ ವಿಚಾರಣೆ ನಡೆಸಿದರು. ಅದನ್ನು ದಕ್ಷ ಆಡಳಿತವೆಂದು ಕರೆದುಕೊಂಡರು. ಕಾಯಬೇಕಾದ ಇಲಾಖೆ ತಲೆಯಾಡಿಸಿತು.

ಅವರು ನನ್ನಲ್ಲಿ ಕೇಳಿದ್ದು ಒಂದೇ: ಎರಡೂ ದಿನಾಂಕಗಳನ್ನು ನಾನು ಕಂಡಿದ್ದೇನೆಂದು ವಿಚಾರಣಾಧಿಕಾರಿಗೆ ಒಂದು ಪತ್ರ. ನನ್ನಂಥ ಸಂಶೋಧಕನ ಮಾತಿಗೆ ತೂಕವಿದೆಯೆಂದು ನಂಬಿದ್ದರು. "ಇನ್ನೊಂದ್ಸಲ ತಾಳೆ ನೋಡಿ ಬರೀತೀನಿ" ಎಂದೆ. ನೋಡಿದೆ. ಮತ್ತೆ ನೋಡಿದೆ... ನಮ್ಮ ಸಂಸ್ಥೆಯ ಅಧ್ಯಯನಗಳಿಗೆ ಅನುದಾನ ಬರುತ್ತಿದ್ದುದು ಅದೇ ಇಲಾಖೆಯಿಂದ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಅಷ್ಟರಲ್ಲಿ ವಿಚಾರಣೆ ಮುಗಿದು ಅವರ ಕೆಲಸ ಹೋಯಿತು. ಆಮೇಲೆ ಬೀದಿಯಲ್ಲಿ ಸಿಕ್ಕಾಗಲೆಲ್ಲ ನಕ್ಕು ಮಾತನಾಡಿಸುತ್ತಿದ್ದರು. ಪತ್ರದ ಮಾತನ್ನು ಎತ್ತಲೇ ಇಲ್ಲ. ಕಳೆದ ವರ್ಷ ತೀರಿಕೊಂಡರು.

ಮೊನ್ನೆ ಚೀಲ ಹಿಡಿದು ಅವರ ಹೆಂಡತಿಯ ಬಳಿ ಹೋದೆ. ಚೀಟಿಯ ಅಕ್ಷರಗಳನ್ನು ಅವರು ಬಹಳ ಹೊತ್ತು ನೋಡಿದರು. ಈಗಲಾದರೂ ಪತ್ರ ಬರೆಯುತ್ತೇನೆಂದೆ.

"ಯಾರಿಗೆ ಬರೀತೀರಿ ಈಗ?" ಎಂದರು. ಚೀಲದ ಬಾಯಿ ಕಟ್ಟಿ ನನ್ನ ಕೈಗೇ ಹಿಂತಿರುಗಿಸಿದರು.

ಅದು ನನ್ನ ಮೇಜಿನ ಮೇಲಿದೆ. ಎರಡು ದಿನಾಂಕಗಳ ನಡುವೆ ಮೂರು ದಿನ. ಮೊದಲ ಸಲ ನೋಡಿದಾಗಲೇ ಲೆಕ್ಕ ಸರಿಯಾಗಿತ್ತು.