ಕಡಲ ಆಟದೊಳಗಿನ ಹಸು

ಇವತ್ತು ಬೆಳಿಗ್ಗೆ ಪಾಂಡವಪುರದ ಬಸ್ ನಿಲ್ದಾಣದ ಹಿಂದೆ ಒಂದು ಹಸು ಕೂಗಿತು. ಬಸ್ಸಿಗೆ ಕಾಯುತ್ತಿದ್ದವರು ಯಾರೂ ತಿರುಗಿ ನೋಡಲಿಲ್ಲ. ನಾನು ಮಾತ್ರ, ಯಾರಾದರೂ ಅದಕ್ಕೆ ಉತ್ತರ ಕೊಡುತ್ತಾರೇನೋ ಎಂದು ಕಾದೆ. ಈ ಅಭ್ಯಾಸ ಎಲ್ಲಿಂದ ಅಂಟಿತೆಂದು ಹೇಳಬೇಕಾದರೆ ನಿಮ್ಮನ್ನು ಒಂದು ಹಳೆಯ ಕಂಪ್ಯೂಟರ್ ಆಟದ ಹತ್ತಿರ ಕರೆದುಕೊಂಡು ಹೋಗಬೇಕು.

ಕಾಲೇಜಿನ ದಿನಗಳಲ್ಲಿ ನಾನೂ ಗೆಳೆಯ ಶಿವಲಿಂಗನೂ ಇದೇ ಊರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅದನ್ನು ಆಡಿದ್ದೆವು. ಹಡಗಿನ ಕಪ್ತಾನನೊಬ್ಬ ದ್ವೀಪದಿಂದ ದ್ವೀಪಕ್ಕೆ ಹೋಗುತ್ತ, ಸಿಕ್ಕವರನ್ನು ಮಾತಾಡಿಸುತ್ತ, ಒಗಟು ಬಿಡಿಸುತ್ತ ಮನೆಯ ದಾರಿ ಹುಡುಕಬೇಕು. ಕೊನೆಗೂ ಅವನು ಮನೆ ಸೇರುವುದಿಲ್ಲ. ಮುಂದಿನ ಭಾಗ ಬರುತ್ತದೆ ಎಂದಿತ್ತು. ಅಷ್ಟರಲ್ಲಿ ಆಟ ಮಾಡಿದ ಕಂಪನಿಯೇ ಮುಚ್ಚಿಹೋಯಿತು.

ನಾನು ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾದೆ. ಶಿವಲಿಂಗ ಕೆ.ಆರ್. ಪೇಟೆ ಬಳಿಯ ತನ್ನ ಹಳ್ಳಿಯಲ್ಲಿ ಹಸು ಕಟ್ಟಿದ. ಡೇರಿಗೆ ಹಾಲು ಹಾಕಿ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಆ ಆಟವನ್ನು ಮರೆಯಲಾರದ ಕೆಲವರು ಬೇರೆ ದೇಶಗಳಲ್ಲೂ ಇದ್ದರು. ಅವರೊಂದಿಗೆ ಸೇರಿ ಅದನ್ನು ಹೊಸ ಕಂಪ್ಯೂಟರುಗಳಿಗೆ ಒಗ್ಗುವಂತೆ ಮತ್ತೆ ಕಟ್ಟಿದ. ಆಮೇಲೆ, ಎಂದೂ ಬಾರದ ಆ ಮುಂದಿನ ಭಾಗವನ್ನು ತಾವೇ ಮಾಡತೊಡಗಿದರು. ಅದರ ಕನ್ನಡ ರೂಪದಲ್ಲಿ ಕಪ್ತಾನನ ದನಿ ಶಿವಲಿಂಗನದು. ಕಾವಲುಗಾರ, ಕಳ್ಳ, ಗಿಳಿ, ಎಲ್ಲ ನಾನು.

ನಾವಿಬ್ಬರೂ ಸಮುದ್ರ ನೋಡಿದವರಲ್ಲ. ಅಲೆಯ ಸದ್ದನ್ನು ಬೆಳಗೊಳದ ಹತ್ತಿರ, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾಗ ಹಿಡಿದುಕೊಂಡು ಬಂದೆವು. ಮಾತುಗಳನ್ನು ಕೊಟ್ಟಿಗೆಯ ಪಕ್ಕದ ಹುಲ್ಲಿನ ಕೋಣೆಯಲ್ಲಿ ರೆಕಾರ್ಡು ಮಾಡಿದೆವು; ಹುಲ್ಲಿನ ನಡುವೆ ದನಿ ಗುಂಯ್‌ಗುಡುವುದಿಲ್ಲ. ಗೋಡೆಯಾಚೆಯ ಹಸುವನ್ನು ಮಾತ್ರ ಮರೆತಿದ್ದೆವು. ನಡುಗಡಲ ದೃಶ್ಯದಲ್ಲಿ ಅದರ ಕೂಗು ಹಾಗೇ ಉಳಿಯಿತು. ಇದು ಯಾವ ಜಾತಿಯ ತಿಮಿಂಗಿಲ ಎಂದು ಯಾವುದೋ ದೇಶದವನು ಬರೆದು ಕೇಳಿದ.

"ಏನಂತ್ಲಾ ಬರೀಲಿ?" ಅಂದೆ.

"ಸೀಮೆ ತಿಮಿಂಗ್ಲ, ಒತ್ತಾರೆ ಎಂಟು ಲೀಟ್ರು ಕೊಡ್ತದೆ ಅಂತ ಬರಿ ಬುಡು."

ಅವನ ಹೆಂಡತಿ ಜಯಮ್ಮ ಬಾಗಿಲಲ್ಲಿ ನಿಂತು, "ಇಬ್ರೂ ಉಲ್ಲೊಳಗೆ ಕುಂತು ಕಿರುಚ್ತಾವ್ರೆ. ಕಂಡೋರು ಏನಂದ್ಕಂಡಾರು ಮೇಷ್ಟ್ರೇ," ಅನ್ನುತ್ತಿದ್ದರು.

ಕೊನೆಯ ದೃಶ್ಯವೊಂದು ಬಾಕಿಯಿತ್ತು. ಕಪ್ತಾನ ಮನೆಯ ಬಾಗಿಲು ತಟ್ಟುತ್ತಾನೆ. ಒಳಗಿನಿಂದ ತಾಯಿ "ಯಾರು?" ಅನ್ನುತ್ತಾಳೆ. ಅದನ್ನು ಜಯಮ್ಮನವರ ಕೈಲಿ ಹೇಳಿಸಿಯಾಗಿತ್ತು. ಕಪ್ತಾನನ ಉತ್ತರ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಶಿವಲಿಂಗನ ದನಿ ಒಡೆಯಿತು, ಬರಬರುತ್ತ ಪಿಸುಮಾತಾಯಿತು. ಮೈಸೂರಿನಲ್ಲಿ ಡಾಕ್ಟರು, ಗಂಟಲಲ್ಲಿ ಗೆಡ್ಡೆಯಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಾಗ ನಾನು ಪಕ್ಕದಲ್ಲಿದ್ದೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ಅವನು ತಲೆಯಾಡಿಸಿದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಹೊರಗೆ ಬಂದ ಮೇಲೆ, "ಅಸ ಕೂಗುದ್ರೆ ಏನ್ಲಾ ಮಾಡ್ಲಿ?" ಅಂದ.

ಆಪರೇಷನ್ ಆದ ಮೇಲೆ ಹೊರದೇಶದ ಗೆಳೆಯರು, ಹಳೆಯ ರೆಕಾರ್ಡುಗಳಿಂದ ಅವನ ದನಿಯನ್ನು ಕಂಪ್ಯೂಟರಿನಲ್ಲೇ ತಯಾರಿಸಿ ಕಳಿಸಿದರು. ಕೇಳಿದ ಜಯಮ್ಮ ಎದ್ದು ಕೊಟ್ಟಿಗೆಗೆ ಹೋದರು. ಶಿವಲಿಂಗ ಫೋನಿನಲ್ಲಿ ಬರೆದು ತೋರಿಸಿದ: "ಬ್ಯಾಡ ಕಣ್ಲಾ. ಅವ್ನು ನಾನಲ್ಲ."

"ಮತ್ತೆ ಆಟ ಮುಗಿಯೋದೆಂಗ್ಲಾ?"

"ಮುಗೀದಿದ್ರೆ ಬುಡು."

ಕಪ್ತಾನನನ್ನು ಮನೆ ಸೇರಿಸಲೆಂದೇ ಇಷ್ಟು ವರ್ಷ ಕೂತವನು ಬರೆದ ಮಾತು ಅದು. ನಾನು ಅಲ್ಲಿ ಹೆಚ್ಚು ಹೊತ್ತು ಕೂರಲಾರದೆ ಎದ್ದು ಬಂದೆ.

ರಜೆಯಲ್ಲಿ ಹಳೆಯ ರೆಕಾರ್ಡುಗಳನ್ನೆಲ್ಲ, ಕೆಟ್ಟಿತೆಂದು ಬದಿಗಿಟ್ಟವನ್ನೂ, ಕೇಳುತ್ತ ಹೋದೆ. ಕೆಮ್ಮು, ನಗು, ಬೈಗುಳ. ಒಂದರಲ್ಲಿ ಹಸು ಕೂಗುತ್ತದೆ. ಶಿವಲಿಂಗ ಕಪ್ತಾನನ ಗತ್ತನ್ನು ಅಲ್ಲೇ ಬಿಟ್ಟು, "ಬಂದೆ ಇರವ್ವಾ, ಬಂದೆ," ಅನ್ನುತ್ತಾನೆ. ಹುಲ್ಲು ಸರಸರ ಎನ್ನುತ್ತದೆ. ಬಾಗಿಲು ತೆರೆದ ಸದ್ದು.

ಅವನ ಹಳ್ಳಿಗೆ ಹೋಗಿ ಕೇಳಿಸಿದೆ. ಇನ್ನೊಂದು ಸಲ ಎಂದು ಬೆರಳೆತ್ತಿದ. ಕೇಳಿ ಮುಗಿಸಿ, ಹೂಂ ಎಂಬಂತೆ ಗೋಣು ಹಾಕಿದ.

ಈಗ ಆಟ ಮುಗಿದಿದೆ. "ಯಾರು?" ಅನ್ನುತ್ತಾರೆ ಜಯಮ್ಮ. "ಬಂದೆ ಇರವ್ವಾ, ಬಂದೆ," ಎನ್ನುತ್ತ ಕಪ್ತಾನ ಒಳಗೆ ಹೋಗುತ್ತಾನೆ. ಹಸುವಿನ ಕೂಗನ್ನು ನಾವು ತೆಗೆಯಲಿಲ್ಲ.

ಕೊಟ್ಟಿಗೆಯಲ್ಲಿ ಹಸು ಕೂಗಿದರೆ ಶಿವಲಿಂಗ ಈಗ ಬಕೆಟ್ಟು ತಟ್ಟುತ್ತಾನೆ. ಹಸು ಅದಕ್ಕೆ ಒಗ್ಗಿಕೊಂಡಿದೆ. ನಾನಿನ್ನೂ ಒಗ್ಗಿಕೊಂಡಿಲ್ಲ.

ನಿಲ್ದಾಣದ ಹಿಂದೆ ಹಸು ಮತ್ತೆ ಕೂಗಿತು. ಯಾರೂ ಉತ್ತರ ಕೊಡಲಿಲ್ಲ. ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, "ಬಂದೆ ಇರವ್ವಾ," ಅಂದೆ.